ಹೆಸರೇನು ಎಂದು ಕೇಳಬಾರದ ಆಮೆ

ಬಹಳ ಹಿಂದೆ, ಕಡಲು ಈಗಿರುವುದಕ್ಕಿಂತ ಒಂದು ಹರಿದಾರಿ ಒಳಗಿದ್ದ ಕಾಲದಲ್ಲಿ, ಉಪ್ಪಿನಕೋಟೆ ಎಂಬ ರಾಜ್ಯವಿತ್ತು. ಅಲ್ಲಿಯ ಜನ ಗದ್ದೆಗೆ ಕಡಲ ನೀರು ಕಟ್ಟಿ, ಬಿಸಿಲಿಗೆ ಆರಿಸಿ, ಉಪ್ಪು ತೆಗೆಯುತ್ತಿದ್ದರು. ಅಂಥ ಗದ್ದೆಗೆ ಆಗರ ಎನ್ನುತ್ತಾರೆ. ಆಗರದಲ್ಲಿ ದುಡಿಯುವ ಒಂದು ಮನೆಯಲ್ಲಿ ತಾಯಿಯೂ ಇಬ್ಬರು ಹೆಣ್ಣುಮಕ್ಕಳೂ ಇದ್ದರು. ಕಿರಿಯವಳ ಹೆಸರು ಗಣಪಿ. ಹಿರಿಯವಳ ಹೆಸರನ್ನು ಈಗಲೇ ಹೇಳುವಂತಿಲ್ಲ. ಏಕೆಂದರೆ ಅದು ಕಳುವಾಗಿತ್ತು.

ಕದ್ದವನು ಲವಣಕೇತು ಎಂಬ ಮಾಯಾವಿ. ಅವನು ಇದೇ ಆಗರದಲ್ಲಿ ಹುಟ್ಟಿ ಬೆಳೆದವನೇ. ಹೆಸರು ಹೋದವರನ್ನು ಊರು ಮರೆತುಬಿಡುತ್ತಿತ್ತು. ಅವರು ತಾವಾಗಿಯೇ ಅವನ ಗುಹೆಗೆ ನಡೆದುಹೋಗಿ, ಪಾದದಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪವಾಗಿ ಉಪ್ಪಾಗುತ್ತಿದ್ದರು. ಪೂರ್ತಿ ಉಪ್ಪಾದವರನ್ನು ಅವನು ಒಡೆದು, ಗಂಜಿಗೆ ಹಾಕಿಕೊಂಡು ಉಣ್ಣುತ್ತಿದ್ದ. ಅದರಿಂದಲೇ ಅವನಿಗೆ ಮುಪ್ಪು ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ತಾಯಿ ಎರಡೇ ಬಟ್ಟಲು ಇಟ್ಟು ಗಂಜಿ ಬಡಿಸಿದಳು.

"ಅವ್ವಾ, ಅಕ್ಕನ ಬಟ್ಟಲು?" ಎಂದಳು ಗಣಪಿ.

"ಯಾವ ಅಕ್ಕ? ನಿನಗಿಂತ ಮೊದಲು ನಾನು ಯಾರನ್ನೂ ಹೆತ್ತಿಲ್ಲವಲ್ಲೇ. ಬಿಸಿಲು ತಲೆಗೆ ಹತ್ತಿತಾ?"

ಹೆತ್ತ ತಾಯಿ ಮರೆತದ್ದು ತಂಗಿಗೆ ಹೇಗೆ ನೆನಪಿತ್ತು? ಅದಕ್ಕೂ ಕಾರಣವಿದೆ. ತಾಯಿ ಮಗಳನ್ನು ಹೆಸರು ಹಿಡಿದು ಕೂಗುತ್ತಿದ್ದಳು, ಊರೂ ಹಾಗೆಯೇ ಕೂಗುತ್ತಿತ್ತು. ತಂಗಿ ಮಾತ್ರ ಹುಟ್ಟಿದಾಗಿನಿಂದ 'ಅಕ್ಕ' ಎಂದೇ ಕೂಗಿದವಳು. ಮಾಯಾವಿ ಕದ್ದದ್ದು ಹೆಸರನ್ನು. ಅಕ್ಕ ಎಂಬುದು ಹೆಸರಲ್ಲ, ಹಾಗಾಗಿ ಅದು ಅವನ ಕೈಗೆ ಸಿಗಲಿಲ್ಲ.

ಗಣಪಿ ಅಳುತ್ತಾ ಇನೇಸಮ್ಮನ ಬಳಿಗೆ ಓಡಿದಳು. ಇನೇಸಮ್ಮ ಏಳು ಸಮುದ್ರದಾಚೆಯ ಸ್ಪೇನ್ ನಾಡಿನವಳು. ಹಡಗು ಒಡೆದು ಈ ದಡಕ್ಕೆ ಬಂದು, ಬಲೆ ಹೆಣೆಯುತ್ತಾ ಮುದುಕಿಯಾಗಿದ್ದಳು. ಅವಳ ಹಡಗಿನಲ್ಲಿದ್ದ ಕೊಕ್ಕರೆ, ಹಾವು, ಆಮೆ ಎಂಬ ಮೂರು ಪ್ರಾಣಿಗಳನ್ನು ಮಾಯಾವಿ ಹಿಡಿದು ಗುಹೆಗೆ ಕಾವಲಿಟ್ಟಿದ್ದ. ಅವು ಸ್ಪ್ಯಾನಿಷ್ ಬಿಟ್ಟು ಬೇರೆ ಭಾಷೆ ಅರಿಯವು. ಊರಿನಲ್ಲಿ ಯಾರಿಗೂ ಬಾರದ ಭಾಷೆಗಿಂತ ಗಟ್ಟಿಯಾದ ಬೀಗ ಯಾವುದಿದೆ?

"ಅವು ಸುಳ್ಳು ಹೇಳವು. ಬಾಯಲ್ಲಿ ಏನು ಉತ್ತರ ಬಂತೋ ಅದನ್ನೇ ಮಾಡ್ತವೆ," ಎಂದಳು ಇನೇಸಮ್ಮ. "ಅದಕ್ಕೇ ಕೇಳುವ ಮಾತು ಸರಿ ಇರಬೇಕು. ಎಲ್ಲಿ, ನಿನ್ನ ಹೆಸರೇನು ಅಂತ ನನ್ನ ಭಾಷೆಯಲ್ಲಿ ಕೇಳು."

ಕಡಲ ದಡದಲ್ಲಿ ಆಡುತ್ತಾ ಅವಳಿಂದ ನಾಲ್ಕು ಮಾತು ಕಲಿತಿದ್ದ ಗಣಪಿ, "ಕೆ ಎಸ್ ತು ನೋಂಬ್ರೆ?" ಎಂದಳು.

"ಸತ್ತೆ ನೀನು!" ಮುದುಕಿ ಬಲೆಯನ್ನು ನೆಲಕ್ಕೆ ಒಗೆದಳು. "ಜನರನ್ನು ಬಿಡಿಸಲು ಹೋದ ಸೇನಾಪತಿಯೂ ಆಮೆಯನ್ನು ಹೀಗೇ ಕೇಳಿ ಉಪ್ಪಾಗಿ ಹೋದ. ಕಲಿಸಿದವಳು ನಾನೇ. ಸರಿಯಾಗಿ ತಿದ್ದಲಿಲ್ಲ. ನಿಮ್ಮಲ್ಲಿ ಹೆಸರೇನು ಅಂತೀರಿ. ನಮ್ಮಲ್ಲಿ ಹೆಸರು ಯಾವುದು ಅಂತೀವಿ. 'ಕೆ' ಅಂದರೆ ಏನು, 'ಕ್ವಾಲ್' ಅಂದರೆ ಯಾವುದು. ಕೆ ಅಂದರೆ ಅದು ಎಂಥ ವಸ್ತು, ಬಿಡಿಸಿ ಹೇಳು ಅಂತ ಕೇಳಿದ ಹಾಗೆ. ಲೋಕದಲ್ಲಿ ಹೆಸರು ಸಾವಿರ ಇದೆ ಮಗಾ. ಅದರಲ್ಲಿ ನಿನ್ನದು ಯಾವುದು ಅಂತ ಆರಿಸೋದಕ್ಕೆ ಕ್ವಾಲ್."

ಮೂರು ದಿನ ಕಲಿಸಿದಳು. ಮೂರು ದಿನವೂ ಗಣಪಿಯ ನಾಲಿಗೆ 'ಕೆ' ಎಂದೇ ಜಾರಿತು. ನಾಲ್ಕನೆಯ ಬೆಳಿಗ್ಗೆ ಇನ್ನು ತಡೆಯಲಾರದೆ ಹೊರಟಳು. ತಡಮಾಡಿದಷ್ಟೂ ಅಕ್ಕ ಉಪ್ಪಾಗುತ್ತಿದ್ದಳಲ್ಲ.

ಗುಹೆಯ ದಾರಿ ಮೂರು ಕವಲಾದ ಕಡೆ ಒಂದು ಬೂದು ಕೊಕ್ಕರೆ ನಿಂತಿತ್ತು. ಎರಡು ದಾರಿ ಪ್ರಪಾತಕ್ಕೆ ಹೋಗುತ್ತಿದ್ದವು. ಸ್ಪ್ಯಾನಿಷ್‌ನಲ್ಲಿ 'ದೋಂದೆ' ಎಂದರೆ ಎಲ್ಲಿ, 'ಆದೋಂದೆ' ಎಂದರೆ ಎಲ್ಲಿಗೆ. ನಮ್ಮಲ್ಲೂ ಇವೆರಡು ಬೇರೆ ಬೇರೆಯಾದ್ದರಿಂದ ಗಣಪಿಗೆ ಕಷ್ಟವಾಗಲಿಲ್ಲ. "ದೋಂದೆ ಎಸ್ತಾ ಮಿ ಎರ್ಮಾನಾ?" ಎಂದಳು. ನನ್ನ ಅಕ್ಕ ಎಲ್ಲಿದ್ದಾಳೆ ಎಂದು ಅರ್ಥ. ಕೊಕ್ಕರೆ ನಡುವಿನ ದಾರಿಯಲ್ಲಿ ಮುಂದೆ ನಡೆದು ತೋರಿಸಿತು.

ಎರಡನೆಯದಾಗಿ ಬಾಗಿಲಿಗೆ ಅಡ್ಡವಾಗಿ ಕಪ್ಪು ಹಾವು ಮಲಗಿತ್ತು. ಸುತ್ತ ಎಲುಬುಗಳಿದ್ದವು. ನೀನಿಲ್ಲಿ ಯಾಕಿದ್ದೀಯ ಎಂದು ಕೇಳಬೇಕು. ಆದರೆ ನಮ್ಮ 'ಯಾಕೆ' ಒಂದೇ, ಅವರಲ್ಲಿ ಎರಡು. 'ಪಾರಾ ಕೆ' ಎಂದರೆ ಏನು ಮಾಡಲಿಕ್ಕೆ. 'ಪೋರ್ ಕೆ' ಎಂದರೆ ಯಾವ ಕಾರಣದಿಂದ. ಗಣಪಿ ಎಲುಬುಗಳನ್ನು ನೋಡಿದಳು. 'ಏನು ಮಾಡಲಿಕ್ಕೆ ಇದ್ದೀಯ ಅಂದರೆ ಇದು ಕಚ್ಚಲಿಕ್ಕೆ ಅನ್ನುತ್ತದೆ, ಅಂದಮೇಲೆ ಕಚ್ಚಿಯೇ ಕಚ್ಚುತ್ತದೆ' ಎಂದು ಅವಳಿಗೆ ಹೊಳೆಯಿತು.

"ಪೋರ್ ಕೆ ಎಸ್ತಾಸ್ ಆಕಿ?" ಎಂದಳು.

ಹಾವಿನ ಕಣ್ಣಲ್ಲಿ ನೀರು ತುಂಬಿತು. "ಬಾಲ ಕಲ್ಲಿನಡಿ ಸಿಕ್ಕಿದೆ. ಕಾರಣ ಕೇಳಿದವಳು ನೀನೊಬ್ಬಳೇ," ಎಂದಿತು. ಗಣಪಿ ಭುಜ ಕೊಟ್ಟು ಕಲ್ಲು ಸರಿಸಿದಳು. ಹಾವು ಹರಿದುಹೋಯಿತು.

ಒಳಗೆ, ಸಾಲುಸಾಲಾಗಿ ಉಪ್ಪಿನ ಮನುಷ್ಯರು. ಕೆಲವರಿಗೆ ತಲೆಯಿರಲಿಲ್ಲ. ಕೊನೆಯಲ್ಲಿ ಅಕ್ಕ. ಕುತ್ತಿಗೆಯವರೆಗೂ ಬೆಳ್ಳಗಾಗಿದ್ದಳು. "ಅಕ್ಕಾ" ಎಂದಾಗ ರೆಪ್ಪೆ ಮಾತ್ರ ಅಲುಗಿತು.

ಅವಳ ಹಿಂದೆ ಗುಡ್ಡದಂಥ ಆಮೆ ಕೂತಿತ್ತು. ಚಿಪ್ಪಿನ ತುಂಬಾ ಕದ್ದ ಹೆಸರುಗಳು. ಅಕ್ಷರಗಳು ಇರುವೆಗಳಂತೆ ಹರಿದಾಡುತ್ತಿದ್ದುದರಿಂದ ಓದಲು ಬರುತ್ತಿರಲಿಲ್ಲ. ಆಮೆ ಯಾರ ಹೆಸರು ಹೇಳುತ್ತದೋ, ಆ ಹೆಸರು ಕೇಳಿದವರ ವಶವಾಗುತ್ತಿತ್ತು. ಗಣಪಿಯ ನಾಲಿಗೆ ತುದಿಗೆ 'ಕೆ' ಬಂದೇ ಬಂತು. ನಾಲಿಗೆ ಕಚ್ಚಿಕೊಂಡಳು. ರಕ್ತ ಬಂತು. ಸಾವಿರ ಹೆಸರು ಹರಿದಾಡುವುದನ್ನು ನೋಡಿದಳು. ಇಷ್ಟರಲ್ಲಿ ಯಾವುದು?

"ಕ್ವಾಲ್ ಎಸ್ ಎಲ್ ನೋಂಬ್ರೆ ದೆ ಮಿ ಎರ್ಮಾನಾ?"

"ತುಳಸು," ಎಂದಿತು ಆಮೆ.

"ತುಳಸು! ತುಳಸಕ್ಕಾ!" ಅಕ್ಕನ ಮೈಯಿಂದ ಉಪ್ಪು ಹೊಟ್ಟಿನಂತೆ ಉದುರಿತು. ಉಸಿರು ಬಂತು.

ಆ ಕೂಗಿಗೆ ಲವಣಕೇತು ಗಂಜಿಯ ಬಟ್ಟಲು ಹಿಡಿದೇ ಓಡಿಬಂದ. "ಯಾರೇ ನೀನು? ನಿನ್ನನ್ನು ನಾಳೆಯ ಗಂಜಿಗೆ ಹಾಕ್ತೇನೆ!"

ಗಣಪಿಗೆ ಓಡಲು ದಾರಿಯಿರಲಿಲ್ಲ. ಆದರೆ ಮೂರು ದಿನ ತನ್ನದೇ ನಾಲಿಗೆ ಹೇಗೆ ಜಾರಿತೆಂದು ಅವಳಿಗೆ ಗೊತ್ತಿತ್ತು. ಇವನೂ ಕನ್ನಡದ ಬಾಯಿಯವನೇ, ಸಿಟ್ಟಿನಲ್ಲಿ ಇವನದೂ ಜಾರಬಹುದು.

"ಅಯ್ಯೋ, ಗಂಜಿಗೆ ಹಾಕೋಕೆ ಹೆಸರು ಬೇಡವಾ?" ಎಂದು ನಕ್ಕಳು. "ನನ್ನ ಹೆಸರೇನು? ಹೇಳು, ಹೆಸರೇನು? ಆಮೆಯನ್ನೇ ಕೇಳು ಮಾವ, ಹೆಸರೇನು ಅಂತ! ಕೇಳೋಕೂ ಬರೋದಿಲ್ವಾ?"

"ನನಗೆ ಬರೋದಿಲ್ವಾ!" ಅವಳ ಹೆಸರು ಕೇಳಲು ಮಾಯಾವಿ ಆಮೆಯ ಕಡೆ ತಿರುಗಿ ಅಬ್ಬರಿಸಿದ. "ಕೆ ಎಸ್ ಸು ನೋಂಬ್ರೆ?"

ಆಮೆ ನಿಧಾನವಾಗಿ ಕುತ್ತಿಗೆ ಚಾಚಿತು. ಹೆಸರು ಎಂದರೆ ಏನು ಎಂದು ಬಿಡಿಸಿ ಹೇಳತೊಡಗಿತು.

"ಹೆಸರು ಎಂದರೆ ತಾಯಿ ಮೊದಲು ಕೂಗಿದ ದನಿ. ಹೆಸರು ಎಂದರೆ ಹೊಸಿಲಾಚೆಯಿಂದ ಬಂದ ಕರೆ..."

"ಬೇಡ, ಬೇಡ! ಕ್ವಾಲ್! ಕ್ವಾಲ್ ಅಂದೆ!" ಎಂದ ಲವಣಕೇತು. ಆದರೆ ಕೇಳಿದ್ದು ಕೇಳಿಯಾಗಿತ್ತು. ಕೇಳಿದವನು ಇರುವತನಕ ಆ ವಿವರಣೆಗೆ ಕೊನೆಯಿಲ್ಲ, ಅವನು ಕದಲುವಂತೆಯೂ ಇಲ್ಲ. ಅವನ ಪಾದ ಬೆಳ್ಳಗಾಯಿತು, ಮೊಣಕಾಲು ಬೆಳ್ಳಗಾಯಿತು, ಬಟ್ಟಲು ಹಿಡಿದ ಕೈ ಬೆಳ್ಳಗಾಯಿತು. ಸಂಜೆಯ ಉಬ್ಬರದ ನೀರು ಗುಹೆಯ ಬಾಗಿಲವರೆಗೆ ನುಗ್ಗಿ, ಅಲ್ಲೇ ನಿಂತಿದ್ದ ಅವನೊಬ್ಬನನ್ನೇ ಕರಗಿಸಿಕೊಂಡು ಹೋಯಿತು.

ಆಮೇಲೆ ಗಣಪಿ ಉಳಿದ ಹೆಸರುಗಳನ್ನೆಲ್ಲ ಕೇಳಿದಳು. ಅರೆ ಉಪ್ಪಾಗಿದ್ದವರು ಎದ್ದು ಬಂದರು. ಪೂರ್ತಿ ಉಪ್ಪಾದವರು ಬರಲಿಲ್ಲ. ಸೇನಾಪತಿಯೂ ಬರಲಿಲ್ಲ. ಅವರ ಹೆಸರು ಮಾತ್ರ ಮನೆಗೆ ಬಂತು, ಮನೆಯವರಿಗೆ ನೆನಪು ಬಂತು. ಅಂದು ಊರಿನಲ್ಲಿ ನಗುವೂ ಅಳುವೂ ಒಟ್ಟಿಗೇ ಕೇಳಿಸಿತು.

ತಾಯಿ ಹೊಸಿಲಲ್ಲಿ ಮಗಳನ್ನು ಕಂಡು, "ತುಳಸೂ, ಎಲ್ಲಿಗೆ ಹೋಗಿದ್ದೆಯೇ?" ಎಂದು ಮೂರನೆಯ ಬಟ್ಟಲು ಇಟ್ಟಳು.

ಉಪ್ಪಿನಕೋಟೆಯವರು ಅಲ್ಲಿಂದ ಮುಂದೆ ಹೆದರಿಕೆಯಿಲ್ಲದೆ ಉಂಡು, ದುಡಿದು, ಹಾಯಾಗಿ ಬಾಳಿದರು. ಆದರೆ ಹೊಸಬರು ಬಂದರೆ ಇವತ್ತಿಗೂ ಅಲ್ಲಿ ಹೆಸರೇನು ಎಂದು ಯಾರೂ ಕೇಳುವುದಿಲ್ಲ. ಮೊದಲು ನೀರು ಕೊಟ್ಟು, ಆಮೇಲೆ ಕೇಳುತ್ತಾರೆ: "ಇಷ್ಟೊಂದು ಹೆಸರುಗಳಲ್ಲಿ, ನಿಮ್ಮದು ಯಾವುದು?"