ಯಾರ ಸೊಂಟದ ಚಾಕು

ಭಾನುವಾರ ಬೆಳಿಗ್ಗೆ ಎಂಟರ ಸುಮಾರಿಗೆ ಠಾಣೆಗೆ ಬಂದ ಹೆಂಗಸು, ಕುರ್ಚಿ ತೋರಿಸಿದರೂ ಕೂರಲಿಲ್ಲ. ಕೆರೆಯಂಚಿನ ಕ್ಯಾಂಪಿನಲ್ಲಿ ತೂಗುಮಂಚದ ಹಗ್ಗ ಕಳಚಿ ಅವಳ ಗಂಡ ಇಳಿಜಾರಿನಲ್ಲಿ ಉರುಳಿದ್ದ. ಬಂಡೆಗೆ ಬಡಿದು ಸೊಂಟ ಮುರಿದಿತ್ತು. ಹಗ್ಗವನ್ನು ಯಾರೋ ಕತ್ತರಿಸಿ, ಭಾರ ಬಿದ್ದರೆ ಜಾರುವಂಥ ಗಂಟು ಹಾಕಿದ್ದರು.

"ಅನುಮಾನ ಯಾರ ಮೇಲೆ?" ಇನ್‌ಸ್ಪೆಕ್ಟರ್ ಕೇಳಿದಳು.

ಹೆಂಗಸು ಸೆರಗಿನ ತುದಿ ಹಿಂಡಿದಳು. "ನನ್ನ ತಮ್ಮ. ಬೆನ್ನಿಗೆ ಬಿದ್ದೋನು. ರಾತ್ರಿ ಭಾವನ ಜೊತೆ ಜಗಳ ಆಡ್ದ. ಅವನತ್ರ ಇಷ್ಟುದ್ದ ಚಾಕು ಇದೆ."

ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ದಫೇದಾರನನ್ನು ಕರೆದುಕೊಂಡು ಕ್ಯಾಂಪಿಗೆ ಹೋದಳು. ಹೆಂಗಸಿನ ತಮ್ಮ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಸೊಂಟದಲ್ಲಿದ್ದ ಚಾಕುವನ್ನು ಅವನೇ ಬಿಚ್ಚಿ ಕೊಟ್ಟ. ಪಂಚರ ಎದುರು ಅಲಗು ಅಳೆದು ಪಂಚನಾಮೆ ಬರೆದರು.

"ಯಾಕ್ರೀ ಇದು?"

"ಕ್ಯಾಂಪಿಂಗ್‌ಗೆ ಮೇಡಂ. ಗೂಟ ಚೂಪು ಮಾಡಕ್ಕೆ, ಹಗ್ಗ ಕೊಯ್ಯಕ್ಕೆ."

"ಜಗಳ?"

"ಸೌತೆಕಾಯಿ ಹೆಚ್ಚಕ್ಕೆ ಬಾರದೋನಿಗೆ ಕತ್ತಿ ಯಾಕೋ ಅಂತ ಭಾವ ಎಲ್ಲರೆದುರು ಆಡ್ಕೊಂಡ್ರು."

"ಬರಲ್ವಾ?"

"ಬರಲ್ಲ," ಎಂದ ಮೇಷ್ಟ್ರು, ತಲೆ ತಗ್ಗಿಸಿ.

ದಫೇದಾರ ಅವಳನ್ನು ಪಕ್ಕಕ್ಕೆ ಕರೆದ. "ಚಾಕು ಸಿಕ್ತು, ಜಗಳಾನೂ ಇತ್ತು. ಆಯುಧ ಕಾಯ್ದೆ ಒಂದು ಸೇರಿಸಿದ್ರೆ ಊಟದ ಹೊತ್ತಿಗೆ ಕೈತೊಳ್ಕೋಬಹುದು ಮೇಡಂ."

"ಅಲಗು ಮಿತಿಯೊಳಗಿದೆ. ಕ್ಯಾಂಪಿಗೆ ತಂದಿದಾನೆ, ಮದುವೆ ಮನೆಗಲ್ಲ. ಇಟ್ಕೊಂಡಿದ್ದಕ್ಕೆ ಕೇಸ್ ಇಲ್ಲ. ಅದರಲ್ಲಿ ಏನ್ ಮಾಡ್ದ ಅನ್ನೋದು ಹೇಳಿ."

"ಅದೇ, ಹಗ್ಗ..."

"ಒಂದು ರಾತ್ರಿ ಲಾಕಪ್ಪಿಗೆ ಹಾಕಿದ್ರೂ ಮೇಷ್ಟ್ರ ಕೆಲಸ ಹೋಗುತ್ತೆ. ಗೊತ್ತಾಗ್ಲಿ, ಆಮೇಲೆ ಹಾಕೋಣ."

ಅವಳು ತೂಗುಮಂಚದ ಬಳಿ ಕುಕ್ಕರಗಾಲಲ್ಲಿ ಕೂತಳು. ನೈಲಾನ್ ಹಗ್ಗ ಕತ್ತರಿಸಿದಲ್ಲಿ ಎರಡೂ ತುದಿಗಳನ್ನು ಬೆಂಕಿ ತಾಗಿಸಿ ಕರಗಿಸಿದ್ದರು. ತುದಿ ಮಣಿಯಂತೆ ಗಟ್ಟಿಯಾಗಿತ್ತು. ಅಲ್ಲಿಂದೆದ್ದು ಮೇಷ್ಟ್ರ ಡೇರೆಗೆ ಹೋದಳು. ಅವನು ಕೊಯ್ದು ಕಟ್ಟಿದ ಹಗ್ಗಗಳೆಲ್ಲ ಹಳೇ ಪೊರಕೆಯಂತೆ ಕೆದರಿಕೊಂಡಿದ್ದವು. ನೈಲಾನ್ ಹಗ್ಗ ಕೊಯ್ದರೆ ತುದಿ ಸುಡಬೇಕು, ಇಲ್ಲದಿದ್ದರೆ ಎಳೆ ಬಿಡುತ್ತದೆ. ಮೇಷ್ಟ್ರಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದವನು ಯಾರೋ, ಮನುಷ್ಯನನ್ನು ಬೀಳಿಸಲು ಹೊರಟಾಗಲೂ ಹಗ್ಗ ಹಾಳಾಗದಂತೆ ನೋಡಿಕೊಂಡಿದ್ದ.

ಕ್ಯಾಂಪಿನಲ್ಲಿ ಕೆಲಸಕ್ಕಿದ್ದವರು ಮೂವರೇ: ಮ್ಯಾನೇಜರ್, ಅಡುಗೆಯವನು, ಚೀಲ ಹೊರುವವನು. ಇನ್‌ಸ್ಪೆಕ್ಟರ್ ಮೂವರನ್ನೂ ಕರೆಸಿದಳು.

"ಜಪ್ತಿ ಸಾಮಾನು ಕಟ್ಟಬೇಕು. ಒಬ್ಬೊಬ್ರೂ ಒಂದೊಂದು ಮೊಳ ಹಗ್ಗ ಕೊಯ್ದು ಕೊಡಿ."

ಮ್ಯಾನೇಜರ್ ಕತ್ತರಿ ತಂದು ಜಗಿದಂತೆ ಕತ್ತರಿಸಿದ. ಅಡುಗೆಯವನು ತರಕಾರಿ ಚಾಕುವಿನಲ್ಲಿ ಕೊಯ್ದು ತುದಿಗೊಂದು ಗಂಟು ಬಿಗಿದ. ಚೀಲ ಹೊರುವವನು ಜೇಬಿನಿಂದ ಮಲ್ಟಿಟೂಲ್ ತೆಗೆದ, ಒಂದೇ ಎಳೆತಕ್ಕೆ ಕೊಯ್ದ, ಲೈಟರ್ ಹಚ್ಚಿ ತುದಿ ಕರಗಿಸಿ ಎಂಜಲು ಬೆರಳಲ್ಲಿ ಹೊಸಕಿದ. ಯಾರೂ ಕೇಳದಿದ್ದರೂ ಸುರುಳಿಯಲ್ಲಿ ಉಳಿದ ಹಗ್ಗದ ತುದಿಯನ್ನೂ ಸುಟ್ಟ.

ಇನ್‌ಸ್ಪೆಕ್ಟರ್ ತೂಗುಮಂಚದ ಹಗ್ಗವನ್ನು ಅದರ ಪಕ್ಕ ಇಟ್ಟಳು. "ಇದೂ ನಿಮ್ಮ ಕೈದೇನಾ?"

"ಇಲ್ಲಿ ಹಗ್ಗ ಕೊಯ್ಯೋದೆಲ್ಲ ನಾನೇ."

"ಮ್ಯಾನೇಜರ್, ಇದು ಮೊದಲಿಂದ್ಲೂ ತುಂಡಾಗಿತ್ತಾ?"

"ಇಲ್ಲ ಮೇಡಂ, ಒಂದೇ ಹಗ್ಗ. ನಿನ್ನೆ ಸಂಜೆ ನಾನೇ ಕೂತು ನೋಡಿದೀನಿ."

ಚೀಲ ಹೊರುವವನು ಮಲ್ಟಿಟೂಲನ್ನು ಮಡಚಿ ಮೇಜಿನ ಮೇಲಿಟ್ಟ. ತನ್ನ ಬೆರಳುಗಳನ್ನು ನೋಡಿದ. "ತುದಿ ಸುಡೋದನ್ನ ಕೈ ತನ್ನಷ್ಟಕ್ಕೆ ಮಾಡ್ಬಿಟ್ಟಿದೆ," ಎಂದ.

"ಬಿದ್ದವರ ಮೇಲೆ ಏನು ಸಿಟ್ಟು?"

"ಅವರ ಮೇಲೇನಿಲ್ಲ. ಯಾರು ಬಿದ್ರೂ ಅನುಮಾನ ಮೇಷ್ಟ್ರ ಚಾಕು ಮೇಲೆ ಬರುತ್ತೆ ಅಂದ್ಕೊಂಡೆ."

"ಮೇಷ್ಟ್ರು ಏನ್ ಮಾಡಿದ್ರು ನಿಮಗೆ?"

"ಏನೂ ಮಾಡಿಲ್ಲ. ನಾನು ಮೊದಲು ಗೈಡ್ ಆಗಿದ್ದೆ ಮೇಡಂ. ಹೋದ ವರ್ಷ ಕೆಲಸಕ್ಕೆ ಬರ್ತಾ ಬಸ್ಸಲ್ಲಿ ಚೀಲ ಚೆಕ್ ಮಾಡಿದ್ರು. ಅಂಥದ್ದೇ ಚಾಕು ಇತ್ತು. ಕೇಸ್ ಹಾಕಿದ್ರು. ಕೋರ್ಟು ಬಿಡ್ತು, ಗೈಡ್ ಲೈಸೆನ್ಸ್ ವಾಪಸ್ ಬರ್ಲಿಲ್ಲ. ಹಿಡಿದಿದ್ದು ಇದೇ ದಫೇದಾರ್ರು."

ದಫೇದಾರ ಮೀಸೆ ಸವರುವುದನ್ನು ನಿಲ್ಲಿಸಿದ.

"ಮೊನ್ನೆ ಕ್ಯಾಂಪ್ ಗೇಟಲ್ಲಿ ಚೆಕಿಂಗ್ ಮಾಡ್ತಾ ಇವರೇ ಮೇಷ್ಟ್ರ ಚಾಕು ಕೈಲಿ ಹಿಡ್ಕೊಂಡು, ಚೆನ್ನಾಗಿದೆ ಸಾರ್, ಎಲ್ಲಿ ತಗೊಂಡ್ರಿ ಅಂದ್ರು. ಹಿಂದೆ ಮೇಷ್ಟ್ರ ಚೀಲ ಹೊತ್ಕೊಂಡು ನಿಂತಿದ್ದೆ. ನನ್ನ ಗುರುತೂ ಸಿಗ್ಲಿಲ್ಲ ಇವರಿಗೆ."

"ಒಬ್ಬರ ಸೊಂಟ ಮುರೀತಲ್ರೀ."

"ಮುರೀತು," ಎಂದ.

ಮಧ್ಯಾಹ್ನ 1.40ಕ್ಕೆ ಬಂಧನ. ಠಾಣೆಯ ಬೆಂಚಿನಲ್ಲಿ ಅಕ್ಕ, ತಮ್ಮ ಎರಡು ತುದಿಗೆ ಕೂತಿದ್ದರು.

"ಏನಾದ್ರೂ ತಿಂದ್ಯೇನೋ?" ಅಕ್ಕ ಗೋಡೆಯತ್ತ ನೋಡುತ್ತ ಕೇಳಿದಳು.

"ನೀನು ತಿಂದ್ಯಾ?"

ಒಳಗೆ ದಫೇದಾರ ಆರೋಪಿಯ ಹೇಳಿಕೆ ಬರೆಯಲು ಕೂತ. ಅರ್ಧಕ್ಕೆ ಬಂದಾಗ ಪೆನ್ನು ನಿಂತಿತು. "ಮೇಡಂ, ಗೇಟಿನ ವಿಷಯಾನೂ ಬರೀಬೇಕಾ?"

"ಅವನು ಹೇಳಿದ್ದೆಲ್ಲ ಬರೀರಿ."

"ಕೋರ್ಟಲ್ಲಿ ನನ್ನನ್ನೇ ಕೇಳ್ತಾರೆ."

"ಕೇಳ್ಲಿ."

ದಫೇದಾರ ಬರೆಯತೊಡಗಿದ. ಆ ಸಾಲಿಗೆ ಬರುವಷ್ಟರಲ್ಲಿ ಅವನ ಅಕ್ಷರ ಇರುವೆ ಸಾಲಿನಷ್ಟು ಸಣ್ಣದಾಯಿತು. ಇನ್‌ಸ್ಪೆಕ್ಟರ್ ಅವನ ಭುಜದ ಮೇಲಿಂದ ಬಗ್ಗಿ ನೋಡಿದಳು.

"ಓದಕ್ಕಾಗೋ ಹಾಗೆ ಬರೀರಿ," ಎಂದಳು.