ಕಣ್ಣು ಮುಚ್ಚಿದ ಸಾಕ್ಷಿಗಳು

ನಿದ್ರೆ ಮಾತ್ರೆಯ ಸ್ಟ್ರಿಪ್ ಕಾಣೆ!

ಕೊಟ್ಟಾರದ ನಮ್ಮ ವ್ಯಸನಮುಕ್ತಿ ಕೇಂದ್ರದಲ್ಲಿ ಇದಕ್ಕಿಂತ ಕೆಟ್ಟ ಸುದ್ದಿ ಉಂಟಾ? ಬೆಳಿಗ್ಗೆ ಹತ್ತಕ್ಕೆ ಆಫೀಸಿನ ಕಪಾಟಿನಲ್ಲಿತ್ತು, ಹತ್ತೂವರೆಗೆ ಇಲ್ಲ. ಆ ಹೊತ್ತಿಗೆ ನಾವು ಒಂಬತ್ತು ಮಂದಿಯೂ ಪಕ್ಕದ ಹಾಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದೆವು. ಮೊದಲು ನನ್ನ ಗಿಟಾರ್, ಆಮೇಲೆ ಹತ್ತು ನಿಮಿಷ ಮೌನ. ಕೊನೆಗೆ ಪ್ರತಿಯೊಬ್ಬರೂ ತಾವು ಕೇಳಿದ ಮೂರು ಶಬ್ದ ಹೇಳಬೇಕು, ನಾನು ಪುಸ್ತಕದಲ್ಲಿ ಬರೆಯಬೇಕು. ಕುಡಿದು ಕುಡಿದು ಕೈ ನಡುಗುತ್ತಿದ್ದ ಈ ಡೆರಿಲ್ ಮತ್ತೆ ತಂತಿ ಮುಟ್ಟಿದ್ದು ಆ ಮೌನದಿಂದಲೇ.

"ಮಾಯಿಲಪ್ಪನೇ," ಎಂದರು ಮ್ಯಾನೇಜರ್ ಪೌಲ್. "ಆಫೀಸಿನ ಬಾಗಿಲ ಪಕ್ಕ ಕೂತವನು ಅವನು. ಹಿಂದೆ ಒಮ್ಮೆ ಕದ್ದೂ ಇದ್ದಾನೆ."

ಬೆಂಗ್ರೆಯ ಮಾಯಿಲಪ್ಪ ಬಿಳಿಚಿಹೋದ. ದೋಣಿ ಮಗುಚಿ ತಮ್ಮನನ್ನು ಕಳಕೊಂಡ ಮೇಲೆ ಕುಡಿತಕ್ಕೆ ಬಿದ್ದವನು. ಕುಡಿತ ಬಿಟ್ಟು ನಾಳೆಗೆ ತೊಂಬತ್ತು ದಿನ. ಕರಕೊಂಡು ಹೋಗಲಿಕ್ಕೆ ಮಗಳು ಮನ್ವಿತಾ ಬರುತ್ತಾಳೆ. ಕಳ್ಳ ಅಂತಾದರೆ ಅಷ್ಟು ದಿನವೂ ಮಣ್ಣುಪಾಲು, ಮಗಳೂ ನಂಬಲಿಕ್ಕಿಲ್ಲ.

"ನಾನಲ್ಲ ಸಿಸ್ಟರ್, ದೇವರಾಣೆ!" ಎಂದ, ನಮ್ಮ ಗುಂಪು ನಡೆಸುವ ನಿವೃತ್ತ ನರ್ಸ್ ಲಿಡಿಯಾ ಸಿಸ್ಟರ್ ಕಡೆ ತಿರುಗಿ.

"ಯಾರಾದರೂ ನೋಡಿದ್ದೀರಾ?" — ಪೌಲ್.

"ಎಂತ ನೋಡುವುದು ಮಾರಾಯ್ರೆ? ಎಲ್ಲರ ಕಣ್ಣೂ ಮುಚ್ಚಿತ್ತಲ್ಲ!" ಎಂದೆ.

ಲಿಡಿಯಾ ಸಿಸ್ಟರ್ ನನ್ನತ್ತ ತಿರುಗಿದರು. "ಕಣ್ಣು ಮುಚ್ಚಿತ್ತು. ಕಿವಿ? ಪುಸ್ತಕ ಕೊಡು."

ಗಟ್ಟಿಯಾಗಿ ಓದಿದರು. "ಮಾಯಿಲಪ್ಪ — ಕಾಗೆ, ಹೈವೇಯ ಹಾರ್ನ್, ಫ್ಯಾನ್ ನಿಂತದ್ದು. ಡೆರಿಲ್ — ಫ್ಯಾನ್ ನಿಂತದ್ದು, ಸೊಳ್ಳೆ, ನನ್ನ ಹೊಟ್ಟೆ." ಯಾರೋ ಕಿಸಕ್ಕೆಂದರು. "ಸುಂದರ — ಕಾಗೆ, ಹಾರ್ನ್, ಫ್ಯಾನಿನ ಟಕ್‌ಟಕ್ ಮೊದಲಿಂದ ಕೊನೆವರೆಗೆ."

ಉಳಿದವರ ಪಟ್ಟಿಯಲ್ಲೂ ಫ್ಯಾನ್ ನಿಂತದ್ದು ಇತ್ತು. ಪುಸ್ತಕ ಮುಚ್ಚಿದರು.

"ನಡುವೆ ಐದು ನಿಮಿಷ ಕರೆಂಟ್ ಇರಲಿಲ್ಲ. ಎಲ್ಲರಿಗೂ ಗೊತ್ತಾಯಿತು, ಒಬ್ಬನನ್ನು ಬಿಟ್ಟು. ಯಾಕೆ? ಆಗ ಅವನು ಹಾಲಿನಲ್ಲೇ ಇರಲಿಲ್ಲ! ಹೋಗುವಾಗ ಫ್ಯಾನ್ ತಿರುಗುತ್ತಿತ್ತು, ಬರುವಾಗಲೂ ತಿರುಗುತ್ತಿತ್ತು. ಅಲ್ವಾ ಸುಂದರ?"

ಸುಂದರಣ್ಣನಾ! ಎರಡು ವರ್ಷದಿಂದ ಕುಡಿಯದೆ, ನಮಗೆಲ್ಲ ಉಸಿರಿನ ಮೇಲೆ ಗಮನ ಇಡಲು ಕಲಿಸಿದವರು! ಅಯ್ಯೋ, ಕೈಯಾರೆ ಬರೆದದ್ದು ನನಗೇ ಹೊಳೆಯಲಿಲ್ಲ, ಎಂಥ ಪೆದ್ದ ನಾನು!

ಅವರು ಕಿಸೆಯಿಂದ ಸ್ಟ್ರಿಪ್ ತೆಗೆದರು. ಹತ್ತಕ್ಕೆ ಹತ್ತೂ ಇತ್ತು.

"ಆರು ದಿನದಿಂದ ನಿದ್ದೆ ಇಲ್ಲ ಸಿಸ್ಟರ್. ಎಲ್ಲರಿಗೆ ಹಿರಿಯನಾಗಿ ಅದನ್ನು ಹೇಳಲಿಕ್ಕೆ ನಾಚಿಕೆ. ತೆಗೆದೆ, ತಿನ್ನಲಿಕ್ಕೂ ಆಗಲಿಲ್ಲ, ಅಲ್ಲೇ ನಿಂತುಬಿಟ್ಟೆ. ಮಾಯಿಲಪ್ಪನ ಹೆಸರು ಬಂದಾಗಲೂ ಸುಮ್ಮನಿದ್ದೆನಲ್ಲ..."

ಪೌಲ್ ಬಾಯಿ ತೆರೆದರು. ಸಿಸ್ಟರ್ ಕೈ ಎತ್ತಿದರು. "ಮೊದಲು ಎಲ್ಲರೂ ಕೂತುಕೊಳ್ಳಿ. ಡೆರಿಲ್, ಗಿಟಾರ್."

ನುಡಿಸಿದೆ. ಮತ್ತೆ ಮೌನ. ಆಮೇಲೆ ಮೂರು ಶಬ್ದದ ಸರದಿ, ಮೊದಲು ಮಾಯಿಲಪ್ಪನದು.

"ಮೂರಿಲ್ಲ, ಒಂದೇ," ಎಂದ. "ಸುಂದರಣ್ಣನ ಉಸಿರು. ಈ ಸಲ ಕೊನೆವರೆಗೂ ಇಲ್ಲೇ ಇತ್ತು."

ಒಂದಕ್ಷರ ಬಿಡದೆ ಬರೆದುಕೊಂಡೆ.