ಸಕ್ಕರೆ ಇಲ್ಲದ ಮನೆಗೆ ಸಾಖರಪುಡಾ

"ಆ ಪೇಡೆ ಅಲ್ಲೇ ಇಡ್ರಿ!"

ಕುಸುಮಳ ದನಿ ಪಡಸಾಲೆಯಿಂದ ಕಟ್ಟೆಗೆ ಬಂದು ಬಿದ್ದಾಗ, ಅಪರಿಚಿತನ ಕೈ ತವನಪ್ಪಜ್ಜನ ಬಾಯಿಯಿಂದ ಗೇಣು ದೂರದಲ್ಲಿತ್ತು. ಕೈ ನಿಂತಿತು. ಅಜ್ಜ ಮಾತ್ರ ಬಾಯಿ ಮುಚ್ಚಲಿಲ್ಲ. ಅವನಿಗೆ ಇನ್ನೂ ಆಸೆಯಿತ್ತು.

ಬಸ್ ಸ್ಟ್ಯಾಂಡಿನ ಹೋಟೆಲಿನಿಂದ ಅಜ್ಜ ಕದ್ದು ಸಿಹಿ ತರಿಸುತ್ತಾನೆಂಬ ಗುಮಾನಿ ಅವಳಿಗೆ ಬಹಳ ದಿನದಿಂದ ಇತ್ತು. ಇವತ್ತು ಕಳ್ಳ ಸಾಮಾನಿನ ಸಮೇತ ಸಿಕ್ಕಿದ್ದ. ಮುದುಕರ ಜೀವದ ಜೋಡಿ ಆಟ ಆಡುವುದಕ್ಕೆ ನಾಚಿಕೆ ಬರುವುದಿಲ್ಲವೇ, ಹೋಟೆಲಿನವನು ಎಷ್ಟು ಕೊಟ್ಟು ಕಳಿಸಿದ್ದಾನೆ, ಮನೆಯಲ್ಲಿ ನಿಮಗೂ ಹಿರಿಯರಿದ್ದಾರೋ ಇಲ್ಲವೋ ಎಂದು ಅವಳು ಉಸಿರು ಬಿಡದೆ ಕೇಳಿದಳು.

ಅವನು ಪೇಡೆಯನ್ನು ಪೊಟ್ಟಣಕ್ಕೆ ಹಾಕಿದ, ಕೈ ಒರೆಸಿಕೊಂಡ, ನಮಸ್ಕಾರ ಮಾಡಿದ.

ಹಿಂದಿನಿಂದ ತಾಯಿ ತಾರಾಬಾಯಿ ಅವಳ ತೋಳು ಚಿವುಟಿದಳು. "ನಿನ್ನ ನೋಡಾಕ ಬಂದ ಹುಡುಗ ಬೇ ಅಂವ. ಜುಗೂಳದ ಶ್ರೀಪಾಲ."

ಕುಸುಮ ಅಜ್ಜನ ಕಡೆ ನೋಡಿದಳು. ಅಜ್ಜ ಈಗ ಬಾಯಿ ಮುಚ್ಚಿದ.

ಕರೋಶಿಯ ಆ ಮನೆಯಲ್ಲಿ ಎರಡು ವರ್ಷದಿಂದ ಸಕ್ಕರೆ, ಬೆಲ್ಲ ಹೊಸ್ತಿಲು ದಾಟುವಂತಿರಲಿಲ್ಲ. ಅಜ್ಜನಿಗೆ ಸಕ್ಕರೆ ಕಾಯಿಲೆ ಇತ್ತು, ಧಾರವಾಡದಲ್ಲಿ ಪದವಿ ಮುಗಿಸಿ ಬಂದ ಕುಸುಮ ಮೊದಲು ಮಾಡಿದ ಕೆಲಸವೇ ಅದು. ಸುತ್ತಲೂ ಕಬ್ಬು ನಿಂತಿತ್ತು, ನಡುವೆ ಈ ಮನೆಯವರು ಮಾತ್ರ ಹಾಲು ಸಕ್ಕರೆ ಎರಡೂ ಇಲ್ಲದ ಕರಿ ಚಹಾಕ್ಕೆ ನೇರಳೆ ಬೀಜದ ಪುಡಿ ಹಾಕಿ ಕುಡಿಯುತ್ತಿದ್ದರು. ಕಿಟಕಿಯಲ್ಲಿ ಗಾಜಿನ ನಳಿಕೆಗಳು, ಸ್ಪಿರಿಟ್ ದೀಪ, ನೀಲಿ ದ್ರಾವಣದ ಬಾಟಲಿ. ದಿನಾ ಬೆಳಿಗ್ಗೆ ಅಜ್ಜನ ಮೂತ್ರದ ನಾಲ್ಕು ಹನಿ ಅದರಲ್ಲಿ ಕುದಿಯುತ್ತಿತ್ತು. ಸಕ್ಕರೆ ಇದ್ದರೆ ಇಟ್ಟಂಗಿಯ ಕೆಂಪು, ಇಲ್ಲದಿದ್ದರೆ ನೀಲಿ. ಯಾವಾಗಲೂ ಕೆಂಪೇ. ಯಾಕೆಂದು ಇರುವೆಗಳು ಹೇಳಿದವು. ಅವು ಸಾಲುಗಟ್ಟಿ ಗೂಟಕ್ಕೆ ಹಾಕಿದ ಅಜ್ಜನ ರುಮಾಲಿನೊಳಗೆ ಹೋಗುತ್ತಿದ್ದವು. ಅಲ್ಲಿ ಬೆಲ್ಲದ ಹೆಂಟೆಯಿತ್ತು.

ಅವತ್ತೇ ಕುಸುಮ ಬಸದಿಗೆ ಹೋಗಿ ನೇಮ ಹಿಡಿದಿದ್ದಳು. ಅಜ್ಜನ ನಳಿಕೆಯಲ್ಲಿ ನೀಲಿ ನಿಲ್ಲುವ ತನಕ ತನಗೂ ಸಿಹಿ ತ್ಯಾಗ.

ಈಗ ಅದೇ ಚಹಾದ ಕಪ್ಪನ್ನು ಶ್ರೀಪಾಲನ ಮುಂದೆ ಇಟ್ಟು, ಮುಖ ಕಿವುಚುತ್ತಾನೆಂದು ಕಾದಳು. ಅವನು ತಳದ ಪುಡಿಯವರೆಗೂ ಕುಡಿದ. ಇಬ್ಬರೂ ಮಾತಾಡಿಕೊಳ್ಳಲಿ ಎಂದು ಹಿರಿಯರು ಎದ್ದು ಹೋದರು. ಕಿಟಕಿಯಲ್ಲಿ ಗಾಳಿಗೆ ನಳಿಕೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡಿದವು.

"ಒಗರು ಚೊಲೊ ಐತ್ರಿ," ಅಂದ ಕೊನೆಗೆ.

ಅವನು ಕಾಗವಾಡದ ಕಡೆ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ. ಚಹಾ, ನೇರಳೆ ಬೀಜ, ದಾಳಿಂಬೆ ಸಿಪ್ಪೆ, ಎಲ್ಲದರ ಒಗರಿನಲ್ಲೂ ಪಾಲಿಫಿನಾಲ್ ಎಂಬ ಜಾತಿಯ ವಸ್ತು ಇರುತ್ತದೆ, ಉಂಡ ಮೇಲೆ ರಕ್ತಕ್ಕೆ ಸಕ್ಕರೆ ಸಾವಕಾಶ ಏರುವಂತೆ ಅದು ಮಾಡಬಹುದೆಂದು ಕೆಲವರು ಬರೆದಿದ್ದಾರೆ, ಆದರೆ ಇನ್ನೂ ಯಾರೂ ಗಟ್ಟಿಯಾಗಿ ಹೇಳಿಲ್ಲ, ಗುಳಿಗೆಗೆ ಅದು ಬದಲಿಯಲ್ಲ ಎಂದ. ಕುಸುಮಳಿಗೆ ಖುಷಿಯಾಯಿತು. ಈ ಮನೆಯಲ್ಲಿ ಅವಳ ಕಷಾಯವನ್ನು ಬೈಯದೆ ಮಾತಾಡಿದ ಮೊದಲ ಮನುಷ್ಯ!

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಅವನು ನಳಿಕೆಗಳ ಕಡೆ ನೋಡಿ, "ಆದ್ರ ಇದು ಸಕ್ಕರಿ ಏರಿದ್ದಷ್ಟ ಹೇಳ್ತೈತ್ರಿ. ನೀಲಿ ಬಂದ ಮ್ಯಾಲ ಎಷ್ಟು ಕೆಳಗ ಇಳದೈತಿ ಅಂತ ಹೇಳೂದಿಲ್ಲ," ಅಂದ.

ನೀಲಿಗಾಗಿ ಎರಡು ವರ್ಷ ಕಾದವಳಿಗೆ ನೀಲಿಯಲ್ಲೂ ತಪ್ಪು ಹುಡುಕುತ್ತಾನಲ್ಲ!

"ಮೊದಲ ನೀಲಿ ಬರ್ಲಿ," ಎಂದಳು ಬಿಗಿಯಾಗಿ. "ಅಲ್ಲೀತನಕ ಈ ಮನಿಗೆ ಸಕ್ಕರಿ ಬರೂದಿಲ್ರಿ. ನನ್ನ ನೇಮ ಐತಿ."

ಆ ಸೀಮೆಯಲ್ಲಿ ಲಗ್ನದ ಮಾತು ಗಟ್ಟಿಯಾಗುವುದೇ ಸಕ್ಕರೆಯಿಂದ. ಗಂಡಿನವರು ಸಕ್ಕರೆಯ ಪೊಟ್ಟಣ ತಂದು ಹೆಣ್ಣಿನ ಮನೆಯವರ ಬಾಯಿ ಸಿಹಿ ಮಾಡಬೇಕು. ಅದೇ ಸಾಖರಪುಡಾ. ಶ್ರೀಪಾಲ ಸ್ವಲ್ಪ ಹೊತ್ತು ಖಾಲಿ ಕಪ್ಪನ್ನು ನೋಡಿದ.

"ತಿಳೀತ್ರಿ," ಅಂದ. ಎದ್ದು ಹೋದ.

ಏನು ತಿಳಿಯಿತು? ಅವಳಿಗೆ ತಿಳಿಯಲಿಲ್ಲ. ಮಳೆಗಾಲ ಬಂತು. ಜುಗೂಳದಿಂದ ಹೂಂ ಎಂದೂ ಇಲ್ಲ, ಉಹೂಂ ಎಂದೂ ಇಲ್ಲ. 'ಬಾಯಿಬಡಕಿ ಅಂತ ಬಿಟ್ಟಿರಬೇಕು…' ಎಂದುಕೊಂಡು ಅವಳು ಆ ಒಂದು ಕಪ್ಪನ್ನು ಬೇರೆಯಾಗಿ ತೊಳೆದು ಬೇರೆಯಾಗಿ ಇಡುತ್ತಿದ್ದಳು. ಅಜ್ಜ ನೋಡುತ್ತಿದ್ದ. ಅವತ್ತಿನಿಂದ ಅವನ ರುಮಾಲಿಗೆ ಇರುವೆ ಹತ್ತಲಿಲ್ಲ.

ಒಂದು ಬೆಳಿಗ್ಗೆ ನಳಿಕೆಯಲ್ಲಿ ನೀಲಿ ಬಂತು. ಮರುದಿನವೂ ನೀಲಿ. ಮತ್ತೆ ಮತ್ತೆ ನೀಲಿ… ಕುಸುಮ ಅದನ್ನು ಬೆಳಕಿಗೆ ಹಿಡಿದು ನಿಂತಳು. ಹೇಳಬೇಕಾದವನಿಗೆ ಹೇಗೆ ಹೇಳುವುದು?

ಆ ವಾರವೇ ಲಗ್ನದ ಮಧ್ಯಸ್ಥಿಕೆಯ ಸಾವಕ್ಕ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕುತ್ತಾ, ಚತುರ್ದಶಿಯ ದಿವಸ ಜುಗೂಳದ ಆ ಮನೆಯವರು ಅಕ್ಕೋಳದ ಹೆಣ್ಣಿನ ಮನೆಗೆ ಸಾಖರಪುಡಾ ಒಯ್ಯುತ್ತಾರಂತೆ ಎಂದಳು. ಕುಸುಮ ಒಳಗೆ ಹೋಗಿ ನೇರಳೆ ಬೀಜ ಕುಟ್ಟಿದಳು. ಕುಟ್ಟಿದ ಪುಡಿಯನ್ನೇ ಮತ್ತೆ ಕುಟ್ಟಿದಳು.

ಚತುರ್ದಶಿಯ ದಿನ ಜೈನರ ಪದ್ಧತಿಯಂತೆ ಅಜ್ಜನಿಗೆ ಉಪವಾಸ. ಕಾಸಿದ ನೀರು ಬಿಟ್ಟು ಬೇರೇನೂ ಇಲ್ಲ. ಕುಸುಮ ಅಜ್ಜನ ಸಕ್ಕರೆ ಇಳಿಸುವ ಗುಳಿಗೆಯನ್ನು ಯಾವತ್ತೂ ತಪ್ಪಿಸಿದವಳಲ್ಲ. ಅವತ್ತು ಮನಸ್ಸು ಅಕ್ಕೋಳದಲ್ಲಿತ್ತು, ಕೈ ತನ್ನಷ್ಟಕ್ಕೆ ಗುಳಿಗೆ ಕೊಟ್ಟಿತು. ಅಜ್ಜ ಕಾಸಿದ ನೀರಿನಲ್ಲಿ ನುಂಗಿದ.

ಮಧ್ಯಾಹ್ನ ಅಂಗಳದಲ್ಲಿ ಚಪ್ಪಲಿ ಸದ್ದಾಯಿತು. ಶ್ರೀಪಾಲ. ಕೈಯಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಕೆಂಪು ಕಾಗದ ಸುತ್ತಿದ ಪೊಟ್ಟಣ. ಒಮ್ಮೆ ಬಂದು ಹೋಗೆಂದು ನಿಮ್ಮ ಅಜ್ಜ ಹೇಳಿ ಕಳಿಸಿದ್ದರು, ಅಕ್ಕೋಳಕ್ಕೆ ಹೋಗುವ ಮುಂಚೆ ಬಂದೆ ಎಂದ.

ಅವಳು ಪೊಟ್ಟಣ ನೋಡಿದಳು. "ಚೊಲೊ ಆತ್ರಿ. ಹುಡುಗಿ ಚಾದಾಗ ಸಕ್ಕರಿ ಹಾಕ್ತಾಳಲ್ಲ?"

ಅವನು ಅವಳ ಹಿಂದೆ ನೋಡುತ್ತಿದ್ದ. ಗೋಡೆಗೆ ಒರಗಿದ್ದ ಅಜ್ಜನ ಅಂಗಿ ಬೆವರಿಗೆ ಒದ್ದೆಯಾಗಿತ್ತು, ಕೈ ನಡುಗುತ್ತಿತ್ತು. ಶ್ರೀಪಾಲನನ್ನು ಕಂಡು ಅಜ್ಜ ತೀರಿಹೋದ ಅಜ್ಜಿಯ ಹೆಸರು ಹಿಡಿದು ಕರೆದ. "ಲಕ್ಷ್ಮೀಬಾಯಿ… ಎಮ್ಮಿ ಹಿಂಡಿದೇನ?"

"ಗುಳಿಗಿ ಕೊಟ್ಟೀರೇನ್ರಿ?" ಶ್ರೀಪಾಲ ಕೇಳಿದ.

"ಕೊಟ್ಟೀನಿ…"

"ಊಟ?"

"ಇವತ್ತ ಚತುರ್ದಶಿ… ಉಪಾಸ," ಅಂದಳು. ಎಷ್ಟು ಕೆಳಗೆ ಇಳಿದಿದೆಯೆಂದು ನೀಲಿ ಹೇಳುವುದಿಲ್ಲ… ಅವನು ಹೇಳಿದ್ದ. ಅವಳು ಸಿಟ್ಟು ಮಾಡಿಕೊಂಡಿದ್ದಳು.

"ಸಕ್ಕರಿ ತರ್ರಿ, ಜಲ್ದಿ."

ಆ ಮನೆಯಲ್ಲಿ ಸಕ್ಕರೆ! ತಾರಾಬಾಯಿ ಡಬ್ಬಿಗಳ ಮುಚ್ಚಳ ತೆಗೆದು ತೆಗೆದು ಹಾಕಿದಳು. ಮೆಂತ್ಯ, ಅರಿಶಿನ, ನೇರಳೆ ಪುಡಿ, ಮತ್ತೆ ಮೆಂತ್ಯ. ಶ್ರೀಪಾಲ ಕೆಂಪು ಕಾಗದ ಹರಿದ. ಸಕ್ಕರೆಯನ್ನು ನೀರಲ್ಲಿ ಕದಡಿ ಅಜ್ಜನ ತುಟಿಗೆ ಹಿಡಿದ.

ಅಜ್ಜ ಹಲ್ಲು ಬಿಗಿಹಿಡಿದ. ಜನ್ಮದಲ್ಲಿ ಮೊದಲ ಸಲ ಸಕ್ಕರೆಗೆ ಬೇಡ ಅಂದ. ಉಪವಾಸ ಮುರಿಯುತ್ತದೆಂದು ಹೆದರಿದ್ದಾನೆ ಅಂದುಕೊಂಡರು ಎಲ್ಲರೂ.

"ಕುಸುಮ ಬೈತಾಳ," ಅಂದ ಅಜ್ಜ.

ಕುಸುಮ ಅವನ ಪಕ್ಕ ಕುಸಿದು ಕುಳಿತು ಬಟ್ಟಲಿಗೆ ಕೈ ಹಚ್ಚಿದಳು. "ಬಯ್ಯೂದಿಲ್ಲ. ಕುಡಿ ಅಜ್ಜಾ… ನನ್ನಾಣಿ, ಕುಡಿ."

ಅವನು ಕುಡಿದ. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು, ಕಣ್ಣಿಗೆ ಗುರುತು ಬಂತು. ಬಟ್ಟಲಿನ ತಳ ನೋಡಿ, ಇನ್ನೂ ಇದೆಯೇ ಎಂದು ಕೇಳಿದ ಮೇಲೆ ತಾರಾಬಾಯಿಗೆ ಉಸಿರು ಬಂತು. ಚಿಕ್ಕೋಡಿಯಿಂದ ಬಂದ ಡಾಕ್ಟರು ಅಜ್ಜನಿಗೆ ಉಣಿಸಿ, ಉಪವಾಸದ ದಿನ ತಮ್ಮನ್ನು ಕೇಳದೆ ಗುಳಿಗೆ ಕೊಡಬಾರದೆಂದು ಗದರಿದರು. ಕುಸುಮ ತಲೆ ತಗ್ಗಿಸಿ ಕೇಳಿಸಿಕೊಂಡಳು.

ಹರಿದ ಪೊಟ್ಟಣ ಇನ್ನೂ ಚಾಪೆಯ ಮೇಲಿತ್ತು. "ನಿಮ್ಮ ಸಾಖರಪುಡಾ ಕೆಡಿಸಿದೆ," ಎಂದಳು.

"ನಂದಲ್ರಿ. ನಮ್ಮ ತಮ್ಮ ಭಾವುಸಾಹೇಬಂದು."

"ಅಣ್ಣನ್ನ ಬಿಟ್ಟು ತಮ್ಮಂದು?"

"ನನ್ನ ಸಲುವಾಗಿ ಅಂವನ್ನ ನಿಂದರಿಸಬ್ಯಾಡ್ರಿ ಅಂದೆ ಮನ್ಯಾಗ." ಅವನು ಕಿಟಕಿಯ ಕಡೆ ನೋಡಿದ. "ನೀಲಿ ಯಾವಾಗ ಬರ್ತೈತೋ ಯಾರಿಗೆ ಗೊತ್ತು. ನಾ ಕಾಯಾಕತ್ತಿದ್ದೆ."

ಅವನ 'ತಿಳೀತ್ರಿ' ಈಗ ಅವಳಿಗೆ ತಿಳಿಯಿತು. ಮಳೆಗಾಲವಿಡೀ ಅವಳು ಬೇರೆಯಾಗಿ ಇಟ್ಟಿದ್ದ ಕಪ್ಪು ಗೂಡಿನಲ್ಲಿತ್ತು. ಅದನ್ನು ನೋಡಬಾರದೆಂದುಕೊಂಡೇ ನೋಡಿದಳು. ಅವನೂ ನೋಡಿದ.

ಅಜ್ಜ ಚಾಪೆಯಿಂದಲೇ ತೀರ್ಪು ಕೊಟ್ಟ. ಗಂಡಿನ ಮನೆಯ ಸಕ್ಕರೆ ಹೆಣ್ಣಿನ ಅಜ್ಜನ ಬಾಯಿಗೆ ಬಿದ್ದಿದೆ, ಚಿಕ್ಕೋಡಿಯ ಡಾಕ್ಟರು ಸಾಕ್ಷಿ, ಮಾತು ಮುಗಿಯಿತು. ತಮ್ಮನಿಗೆ ಚಿಕ್ಕೋಡಿ ಪೇಟೆಯಲ್ಲಿ ಬೇರೆ ಪೊಟ್ಟಣ ಕಟ್ಟಿಸಿಕೊಳ್ಳಿ. "ಗಟ್ಟಿ ಆಗ್ಲಿ ಅಂದ್ರ ಇನ್ನೊಂದ ಚಮಚಾ ತಿಂತೇನಿ ನಾ."

"ಅಜ್ಜಾ!"

"ಬಯ್ಯೂದಿಲ್ಲ ಅಂದಿದ್ದಿ," ಎಂದು ಅಜ್ಜ ಗೋಡೆಗೆ ಮುಖ ಮಾಡಿ ಮಲಗಿದ.

ಕುಸುಮ ಗೂಡಿನಿಂದ ಆ ಕಪ್ಪನ್ನು ತೆಗೆದಳು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಏನೂ ತಿನ್ನುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ; ಅದಕ್ಕೆ ಇನ್ನೂ ಸಮಯವಿತ್ತು. ಚಹಾ ಸೋಸಿ, ಪೊಟ್ಟಣದಲ್ಲಿ ಉಳಿದ ಸಕ್ಕರೆಯ ಕಡೆ ನೋಡಿದಳು.

"ನಿಮಗ ಹಾಕ್ಲೇನ್ರಿ? ಇವತ್ತ ಮನ್ಯಾಗ ಐತಿ."

"ನಾಳೆ ನಳಿಕಿ ಕೆಂಪ ಬರ್ತೈತಲ್ರಿ. ನಿಮ್ಮ ನೇಮ?"

"ನನಗ ಇನ್ನೂ ಸ್ವಲ್ಪ ದಿನ ಬ್ಯಾಡ. ನಿಮಗ ಕೇಳಿದೆ."

"ನನಗೂ ಬ್ಯಾಡ. ಅವತ್ತಿಂದ ನಾನೂ ಹಿಂಗ ಕುಡ್ಯಾಕತ್ತೇನಿ."

ಅವಳು ತಲೆ ಎತ್ತಿದಳು. "ಯಾಕ್ರಿ?"

ಅವನು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದ. "ರೂಢಿ ಆಗಬೇಕಲ್ರಿ… ಮುಂದ ದಿನಾ ಕುಡಿಯೂದೈತಲ್ಲ."